ಮರದ ಬುಡಕ್ಕೊಂದು ಮೀಟರ್ ಮಣ್ಣು
(ಉಪನ್ಯಾಸದ ಪಾಠ)



ಮಲೆನಾಡಿನಲ್ಲಿ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ಕಣ್ಣುಜ್ಜುತ್ತ ಇಳಿಯುವುದು ಮೆಜೆಸ್ಟಿಕ್ಕಿನಲ್ಲಿ. ಬಸ್ಸುಗಳು ಸಾಲುಗಟ್ಟಿ ನಿಲ್ಲುವ ಈ ತಗ್ಗು ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತು. ಕೆರೆ ಬತ್ತಿತು, ಅದರ ನೆಲವನ್ನು ಡಾಂಬರು, ಕಾಂಕ್ರೀಟು ಮುಚ್ಚಿದವು. ಸುತ್ತಲಿನ ರಸ್ತೆಗಳಲ್ಲಿ ಉಳಿದಿರುವ ಮರಗಳ ಬುಡಕ್ಕೆ ಸಿಮೆಂಟು, ನೆತ್ತಿಗೆ ವಿದ್ಯುತ್ ತಂತಿ. ಇಂಥ ಮರವೊಂದು ಅಕಾಲದಲ್ಲಿ ಎಲೆ ಉದುರಿಸಿದರೆ 'ರೋಗದ ಮರ, ಕಡಿಯಿರಿ' ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಅದು ಹಾಗೇಕೆ ಮಾಡಿತು ಎಂದು ಕೇಳುವವರು ವಿರಳ.

ಸಸ್ಯಕ್ಕೆ ನರಮಂಡಲವಿಲ್ಲ, ಕಷ್ಟ ಬಂದಾಗ ಓಡಿಹೋಗಲು ಕಾಲೂ ಇಲ್ಲ. ಅದರ ಅಂಗಾಂಗಗಳು ಪರಸ್ಪರ ಸುದ್ದಿ ಮುಟ್ಟಿಸುವುದು ಅತ್ಯಲ್ಪ ಪ್ರಮಾಣದಲ್ಲಿ ಉತ್ಪತ್ತಿಯಾಗುವ ರಾಸಾಯನಿಕಗಳ ಮೂಲಕ. ಇವೇ ಸಸ್ಯ ಹಾರ್ಮೋನುಗಳು. ಹುಲ್ಲಿನ ಮೊಳಕೆಯ ತುದಿಗೆ ಬೆಳಕು ಕಾಣದಂತೆ ಟೊಪ್ಪಿಗೆ ತೊಡಿಸಿದರೆ ಅದು ಬೆಳಕಿನತ್ತ ಬಾಗುವುದಿಲ್ಲವೆಂದು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದರು. ತುದಿಯಿಂದ ಕೆಳಕ್ಕೆ ಹರಿಯುವ ಆ ಸಂದೇಶವಾಹಕವೇ ಆಕ್ಸಿನ್ ಎಂಬುದು ಮುಂದೆ ತಿಳಿಯಿತು. ಅದು ನೆರಳಿನ ಬದಿಯಲ್ಲಿ ಹೆಚ್ಚು ಶೇಖರಗೊಂಡು ಅಲ್ಲಿಯ ಕೋಶಗಳನ್ನು ಉದ್ದವಾಗಿಸುತ್ತದೆ. ಕುಡಿ ಬೆಳಕಿನತ್ತ ಬಾಗುತ್ತದೆ.

ಇದೇ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ಹತೋಟಿಯಲ್ಲಿಡುತ್ತದೆ. ತುದಿ ಕತ್ತರಿಸಿದರೆ ಹತೋಟಿ ಸಡಿಲುತ್ತದೆ. ಸೈಟೊಕೈನಿನ್ ಎಂಬ ಮತ್ತೊಂದು ಹಾರ್ಮೋನಿನ ಪ್ರೇರಣೆಯಿಂದ ಪಕ್ಕದ ಮೊಗ್ಗುಗಳು ಚಿಗುರುತ್ತವೆ. ಕಾಫಿ ಗಿಡದ ತುದಿ ಕತ್ತರಿಸುವ ಬೆಳೆಗಾರರಿಗೂ, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವ ಅಡಿಕೆ ತೋಟಿಗರಿಗೂ ಈ ಹೆಸರುಗಳು ಗೊತ್ತಿರಬೇಕಿಲ್ಲ, ಗುಟ್ಟು ಗೊತ್ತು. ಎಷ್ಟು ಕಡಿಯಬೇಕು, ಎಷ್ಟು ಕಾಲ ಬಿಡಬೇಕು ಎಂಬ ಲೆಕ್ಕ ಅವರಲ್ಲಿದೆ. ನಗರದ ರಸ್ತೆಯಲ್ಲಿ ಮರದ ನೆತ್ತಿ ಬೋಳಿಸುವಾಗ ಆ ಲೆಕ್ಕ ಇರುವುದಿಲ್ಲ. ಕೂಡಿಟ್ಟ ಆಹಾರವನ್ನು ಖರ್ಚುಮಾಡಿ ಮರ ಒಮ್ಮೆಗೇ ಹೊರಡಿಸುವ ಚಿಗುರುಗಳು ಕಾಂಡಕ್ಕೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ. ಅವು ಕೊಂಬೆಗಳಾಗಿ ಭಾರ ತಾಳದೆ ಗಾಳಿಮಳೆಗೆ ಮುರಿದಾಗ ಅಪವಾದ ಮರದ ಮೇಲೆಯೇ.

ಇನ್ನು ಬೇರಿನ ಸಂಗತಿ. ಮಣ್ಣು ಒಣಗಿದಾಗ ಸಸ್ಯದಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚುತ್ತದೆ. ಅದರ ಸೂಚನೆಯಂತೆ ಎಲೆಗಳ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡು ಒಳಗೆ ಬಾರದೆ ಆಹಾರ ತಯಾರಿಕೆ ಕುಗ್ಗುತ್ತದೆ. ನೀರಾವಿ ಹೊರಬೀಳದ್ದರಿಂದ ಮರ ನೀಡುವ ತಂಪೂ ಇಳಿಯುತ್ತದೆ. ಅದರ ನಷ್ಟ ಬಸ್ಸಿಗೆ ಕಾಯುವವರಿಗೆ, ನೆರಳಲ್ಲಿ ಹೂ ಮಾರುವವರಿಗೆ.

ಕಾಂಕ್ರೀಟಿನಡಿ ಬಿಗಿದ ಮಣ್ಣಿನಲ್ಲಿ ಗಾಳಿಯಾಡದಿದ್ದರೆ ಎಥಿಲೀನ್ ಅನಿಲ ಬೇರಿನ ಸುತ್ತ ಕೂಡಿಕೊಂಡು ಬೇರಿನ ಬೆಳವಣಿಗೆಯನ್ನು ತಡೆಯುತ್ತದೆ. ಎಲೆ ಉದುರುವುದರಲ್ಲಿಯೂ ಈ ಅನಿಲದ ಪಾತ್ರವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಬೀದಿದೀಪದ ಅನಿಲ ಸೋರಿದಲ್ಲೆಲ್ಲ ಮರಗಳು ಅಕಾಲದಲ್ಲಿ ಎಲೆ ಕಳಚುತ್ತಿದ್ದವು. ಆ ಅನಿಲದಲ್ಲಿ ಸಸಿಗಳ ಬೆಳವಣಿಗೆ ಕೆಡಿಸುವ ಅಂಶ ಎಥಿಲೀನ್ ಎಂದು 1901ರಲ್ಲಿ ತೋರಿಸಿದವರು ರಷ್ಯದ ದಿಮಿತ್ರಿ ನೆಲ್ಯುಬೋವ್. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವ ಹಳ್ಳಿಯ ರೂಢಿಯಲ್ಲಿ ಕೆಲಸ ಮಾಡುವುದೂ ಇದೇ ಅನಿಲ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹೊರಡುವ ಅಸಿಟಲೀನ್ ಇದರ ಕೆಲಸವನ್ನು ಅನುಕರಿಸುತ್ತದೆ. ಆದರೆ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಅಂಶ ಬೆರೆತಿರುವುದರಿಂದ ಹಣ್ಣು ಮಾಗಿಸಲು ಅದರ ಬಳಕೆ ನಿಷಿದ್ಧ.

ಅಂದಮೇಲೆ ಅಕಾಲದ ಎಲೆ ಉದುರುವಿಕೆ ಮರದ ದೋಷವಲ್ಲ, ಬೇರು ಕೊಟ್ಟ ದೂರು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಅಂತರದಲ್ಲಿರುವ ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯೂ ಇದೆ. ಕಡಿಯಲು ಅನುಮತಿ ಕೇಳುವ ಮೊದಲು ಬುಡದ ಸಿಮೆಂಟು ಒಡೆದು ನೋಡಬೇಕು. ಒಂದು ಮಳೆಗಾಲ ಕಾಯಬೇಕು. ನೀರು ಇಂಗಿ ಗಾಳಿಯಾಡಿದರೆ ಬೇರು ಕಳಿಸುವ ಸುದ್ದಿಯೂ ಬದಲಾದೀತು. ಕೆರೆಯನ್ನು ಕಳೆದುಕೊಂಡ ನೆಲದಲ್ಲಿ ಮರಕ್ಕೆ ಅಷ್ಟು ಮಣ್ಣನ್ನಾದರೂ ಬಿಟ್ಟುಕೊಡುವುದು ಔದಾರ್ಯವಲ್ಲ, ಋಣಸಂದಾಯ.