ಮೋಟಾರು ಗಾಡಿಯ ರೆಗ್ಯುಲೇಟರು: ಪರೀಕ್ಷೆ ಮತ್ತು ರಿಪೇರಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಪಂಪ, ಬಸವಣ್ಣ, ಕುಮಾರವ್ಯಾಸರ ಮಾತು ಬರುವುದು ವಾಡಿಕೆ. ಅವರ ಸಾಲಿನಲ್ಲಿ ಮೋಟಾರು ಗಾಡಿಯ ರೆಗ್ಯುಲೇಟರನ್ನು ತಂದು ನಿಲ್ಲಿಸಿದರೆ ಕೆಲವರಿಗೆ ನಗು ಬಂದೀತು. ಆದರೆ ನಾವು ಬಂದು ನೆಲಸಿರುವ ಸ್ಥಳದ ಗುಣವೇ ಹಾಗೆ. ಗಿಂಡಿಯ ಕೈಗಾರಿಕಾ ವಸಾಹತು ೧೯೫೮ರಲ್ಲಿ ಆರಂಭವಾಯಿತು. ೧೯೬೧ರಲ್ಲಿ ಸ್ಥಾಪನೆಯಾದ ಲೂಕಾಸ್-ಟಿ.ವಿ.ಎಸ್. ಕಂಪನಿಯು ಪಾಡಿಯ ಕಾರ್ಖಾನೆಯಲ್ಲಿ ಗಾಡಿಗಳ ವಿದ್ಯುತ್ ಸಾಮಾನುಗಳನ್ನು ತಯಾರಿಸತೊಡಗಿತು. ನಮ್ಮ ಮೈಸೂರಿನಲ್ಲಿಯೂ ಅದೇ ಕಾಲದಲ್ಲಿ ಜಾವಾ ಮೋಟಾರ್ ಸೈಕಲ್ಲಿನ ಕಾರ್ಖಾನೆ ಎದ್ದಿತು. ಅದಕ್ಕೂ ಆರು ವೋಲ್ಟಿನ ಡೈನಮೋ, ಅದಕ್ಕೊಂದು ರೆಗ್ಯುಲೇಟರು.

ದೀಪಾವಳಿಗೆ ಊರಿಗೆ ಹೊರಟ ಸಂಸಾರವೊಂದನ್ನು ನೆನೆಯೋಣ. ಹಳೆಯ ಅಂಬಾಸಡರ್ ಕಾರು. ವೇಲೂರು ದಾಟಿ ಕೃಷ್ಣಗಿರಿಯ ಕಡೆಗೆ ರಾತ್ರಿಯ ಪ್ರಯಾಣ. ಮುಂದಿನ ದೀಪ ಕೆಂಪಗಾಗುತ್ತ ಬರುತ್ತದೆ. ಹಿಂದಿನಿಂದ ಲಾರಿಗಳು. ಮಕ್ಕಳು ಮಲಗಿದ್ದಾರೆ. ದಾರಿಬದಿಯ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: “ರೆಗ್ಯುಲೇಟರು ಹೋಯಿತು, ಬದಲಾಯಿಸಿ.” ಹೀಗೆ ಪರೀಕ್ಷೆಯಿಲ್ಲದೆ ಪೆಟ್ಟಿಗೆ ಬದಲಾಯಿಸುವುದನ್ನು ನಾವು ಒಪ್ಪುವುದಿಲ್ಲ. ದುಡ್ಡು ದಂಡವಾಗುವುದಂತೂ ಸರಿಯೇ. ದೋಷ ಬೇರೆ ಕಡೆ ಉಳಿದಿದ್ದರೆ ಮುಂದಿನ ಊರಿನಲ್ಲಿ ಮತ್ತೆ ಕತ್ತಲೆ.

ಮೊದಲು ಈ ಪೆಟ್ಟಿಗೆಯ ಕೆಲಸವೇನೆಂದು ತಿಳಿಯಬೇಕು. ಗಿಂಡಿ ಎಂದೊಡನೆ ನಮ್ಮವರ ಕಣ್ಣಿಗೆ ಬರುವುದು ಮೂತಿಯುಳ್ಳ ನೀರಿನ ಪಾತ್ರೆ. (ಊರಿನ ಹೆಸರಿಗೂ ಅದಕ್ಕೂ ನಂಟು ಕಟ್ಟುವ ಸಾಹಸಕ್ಕೆ ನಾವು ಹೋಗುವುದಿಲ್ಲ.) ಅತಿಥಿಯ ಬೊಗಸೆಗೆ ನೀರೆರೆಯುವವರು ಬೊಗಸೆಯನ್ನೇ ನೋಡುತ್ತ ಗಿಂಡಿಯನ್ನು ಬಗ್ಗಿಸುತ್ತಾರೆ, ತುಂಬುತ್ತಲೇ ಎತ್ತುತ್ತಾರೆ. ರೆಗ್ಯುಲೇಟರು ಆ ಕೈ. ಎಂಜಿನ್ನಿನ ವೇಗ ಏರಿದಂತೆ ಡೈನಮೋವಿನ ವೋಲ್ಟೇಜೂ ಏರುತ್ತದೆ. ಹಿಡಿಯುವವರಿಲ್ಲದಿದ್ದರೆ ಬಲ್ಬು ಸುಟ್ಟು ಬ್ಯಾಟರಿ ಕುದಿಯುತ್ತದೆ. ವೋಲ್ಟೇಜು ಮಿತಿಗೆ ಬಂದೊಡನೆ ಪೆಟ್ಟಿಗೆಯೊಳಗಿನ ವಿದ್ಯುದಯಸ್ಕಾಂತವು ಎರಡು ಪಾಯಿಂಟುಗಳನ್ನು ಬಿಡಿಸುತ್ತದೆ. ಆಗ ಫೀಲ್ಡ್ ಸುರುಳಿಯ ಕರೆಂಟು ಒಂದು ರೆಸಿಸ್ಟೆನ್ಸಿನ ಮೂಲಕವೇ ಹೋಗಬೇಕಾಗಿ, ಉತ್ಪತ್ತಿಯೇ ತಗ್ಗುತ್ತದೆ. ತಗ್ಗಿದೊಡನೆ ಪಾಯಿಂಟುಗಳು ಕೂಡುತ್ತವೆ. ಸೆಕೆಂಡಿಗೆ ಹಲವು ಹತ್ತು ಸಲ ಈ ಆಟ ನಡೆಯುತ್ತದೆ. ಪಕ್ಕದಲ್ಲೇ ಇರುವ ಕಟೌಟ್ ಎಂಬುದು ಬೇರೆ. ಎಂಜಿನ್ನು ನಿಧಾನವಾದಾಗ ಬ್ಯಾಟರಿಯ ಕರೆಂಟು ಡೈನಮೋವಿಗೆ ಹಿಂದಿರುಗಿ ಹರಿಯದಂತೆ ಬಾಗಿಲು ಹಾಕುವುದು ಅದರ ಉದ್ಯೋಗ.

ಇನ್ನು ಪರೀಕ್ಷೆ. ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕುವುದು ಕೊನೆಯಲ್ಲಿ. ಬೆಲ್ಟು ಜಾರುತ್ತಿದೆಯೆ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಹೂವು ಕಟ್ಟಿದೆಯೆ ಎಂದು ಮೊದಲು ನೋಡಬೇಕು. ಆಮೇಲೆ ಅರ್ತ್. ಪರಿಚಿತರೊಬ್ಬರ ಕಾರಿಗೆ ನಗರದ ಒಂದು ವರ್ಕ್‌ಷಾಪಿನಲ್ಲಿ ಎರಡು ಸಲ ಹೊಸ ರೆಗ್ಯುಲೇಟರು ಹಾಕಿದರೂ ಬ್ಯಾಟರಿಯ ನೀರು ಬತ್ತುತ್ತಲೇ ಇತ್ತು. ನಾವು ನೋಡಿದಾಗ ಪೆಟ್ಟಿಗೆಯ ಅರ್ತ್ ತಂತಿಯ ಬುಡದಲ್ಲಿ ತುಕ್ಕು. ಅರ್ತ್ ಕೆಟ್ಟರೆ ರೆಗ್ಯುಲೇಟರಿಗೆ ನಿಜವಾದ ವೋಲ್ಟೇಜು ಕಾಣುವುದೇ ಇಲ್ಲ. ಇನ್ನೂ ಸಾಲದೆಂದು ಅದು ಡೈನಮೋವನ್ನು ದುಡಿಸುತ್ತಲೇ ಇರುತ್ತದೆ. ಉಪ್ಪು ಗಾಳಿಯ ಈ ಊರಿನಲ್ಲಿ ಇದನ್ನು ಮರೆಯಬಾರದು.

ಅದೂ ಸರಿಯಿದ್ದರೆ ಡೈನಮೋ. ಅದರ ಡಿ ಮತ್ತು ಎಫ್ ತುದಿಗಳ ತಂತಿಗಳನ್ನು ಬಿಚ್ಚಿ, ಆ ಎರಡು ತುದಿಗಳನ್ನು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಡೈನಮೋವಿನ ಮೈಗೆ ವೋಲ್ಟ್‌ಮೀಟರು ಹಿಡಿಯಬೇಕು. ಎಂಜಿನ್ನನ್ನು ಮೆಲ್ಲಗೆ ಏರಿಸಿದರೆ ಮುಳ್ಳು ಸರಾಗವಾಗಿ ಏರಬೇಕು; ೨೦ ವೋಲ್ಟ್ ಮೀರಗೊಡಬಾರದು. ಮುಳ್ಳು ಅಲುಗದಿದ್ದರೆ ಬ್ರಷ್ಷು ನೋಡಿ. ಅರ್ಧ, ಒಂದು ವೋಲ್ಟಿಗೆ ನಿಂತರೆ ಫೀಲ್ಡಿನ ಮೇಲೆ ಸಂಶಯ. ನಾಲ್ಕೈದಕ್ಕೆ ನಿಂತರೆ ಆರ್ಮೇಚರಿನ ಮೇಲೆ. ಡೈನಮೋ ಇಲ್ಲಿ ತೇರ್ಗಡೆಯಾಗಿ, ತಂತಿಗಳೂ ನೆಟ್ಟಗಿದ್ದರೆ ಮಾತ್ರ ರೆಗ್ಯುಲೇಟರನ್ನು ದೂರಬಹುದು.

ಲೂಕಾಸ್ ಪೆಟ್ಟಿಗೆಯಲ್ಲಿ, ಬಿಚ್ಚಿದ ತಂತಿಗಳನ್ನು ಮತ್ತೆ ಸೇರಿಸಿ, ಕಟೌಟಿನ ಪಾಯಿಂಟುಗಳ ನಡುವೆ ಕಾಗದದ ಚೂರು ಸಿಕ್ಕಿಸಿ, ಡಿ ಮತ್ತು ಇ ತುದಿಗಳ ನಡುವೆ ಅಳೆಯಬೇಕು. ಮುಳ್ಳು ಏರಿ, ಒಮ್ಮೆ ನಡುಗಿ, ಸುಮಾರು ೧೬ ವೋಲ್ಟಿನಲ್ಲಿ ನಿಲ್ಲುವುದು ಸರಿ. ಹದಿನಾರೇ ಎಂದು ಗಾಬರಿಯಾಗಬೇಕಿಲ್ಲ. ಬ್ಯಾಟರಿ ಸೇರಿದ ಮೇಲೆ ಹೊರೆಯ ಕರೆಂಟು ಹರಿಯುವ ಸುತ್ತೊಂದು ಅದನ್ನು ಇಳಿಸುತ್ತದೆ. ಹವೆಯ ಬಿಸಿ ಹೆಚ್ಚಿದಂತೆ ಈ ಅಂಕಿ ತುಸು ಕಡಿಮೆಯಾಗಬೇಕೆಂದು ಒಳಗಿನ ಪಟ್ಟಿಯನ್ನು ಎರಡು ಲೋಹ ಬೆಸೆದು ಮಾಡಿದ್ದಾರೆ. ಆದುದರಿಂದ ಬೆಂಗಳೂರಿನ ಧನುರ್ಮಾಸದ ಬೆಳಗಿನ ಅಂಕಿಯನ್ನು, ಇಲ್ಲಿಯವರು ಕತ್ತರಿ ಎನ್ನುವ ಮೇ ತಿಂಗಳ ಬಿಸಿಲಿನಲ್ಲಿ ಹುಡುಕಬಾರದು. ತಿರುಪನ್ನು ತಿರುಗಿಸುವುದಾದರೂ ಅರ್ಧ ನಿಮಿಷದೊಳಗೆ ಮುಗಿಸಬೇಕು. ಸುರುಳಿ ಕಾಯ್ದರೆ ಮೀಟರು ಸುಳ್ಳು ಹೇಳುತ್ತದೆ.

ಕಾಗದವನ್ನು ತೆಗೆದ ಮೇಲೆ ಕಟೌಟ್ ೧೨.೭ರಿಂದ ೧೩.೩ ವೋಲ್ಟಿನೊಳಗೆ ಕೂಡಬೇಕು. ಎಂಜಿನ್ನು ನಿಂತರೂ ಅದು ಅಂಟಿಕೊಂಡೇ ಇದ್ದರೆ ಬ್ಯಾಟರಿಯ ತಂತಿಯನ್ನು ತಕ್ಷಣ ಬಿಚ್ಚಿ. ಇಲ್ಲದಿದ್ದರೆ ಡೈನಮೋ ಸುಡುತ್ತದೆ. ಪಾಯಿಂಟು ಉಜ್ಜುವಾಗಲೂ ಬ್ಯಾಟರಿ ಬಿಚ್ಚಿರಲಿ. ರೆಗ್ಯುಲೇಟರಿನ ಪಾಯಿಂಟಿಗೆ ನಯವಾದ ಕಾರ್ಬೊರಂಡಮ್ ಕಲ್ಲು, ಕಟೌಟಿಗೆ ನಯವಾದ ಗಾಜುಕಾಗದ ಮಾತ್ರ. ಎರಡನ್ನೂ ಸ್ಪಿರಿಟ್ಟಿನಿಂದ ಒರಸಬೇಕು.

ಈಗ ಡೈನಮೋವಿನ ಗಾಡಿಗಳು ವಿರಳ. ಅಂಬಾಸಡರ್ ತಯಾರಿಕೆಯೇ ೨೦೧೪ರಲ್ಲಿ ನಿಂತಿತು. ಹೊಸ ಕಾರುಗಳದು ಆಲ್ಟರ್ನೇಟರು. ರೆಗ್ಯುಲೇಟರು ಸಾಮಾನ್ಯವಾಗಿ ಅದರೊಳಗೇ ಅಡಗಿರುತ್ತದೆ. ಪರೀಕ್ಷೆ ಮಾತ್ರ ಮನೆಯಲ್ಲೇ ಸಾಧ್ಯ. ರಾತ್ರಿಯೆಲ್ಲ ನಿಂತ, ಪೂರ್ತಿ ತುಂಬಿದ ಬ್ಯಾಟರಿ ೧೨.೬ ವೋಲ್ಟಿನ ಸುಮಾರು ತೋರಬೇಕು. ಎಂಜಿನ್ನು ಓಡುವಾಗ ಸಾಮಾನ್ಯವಾಗಿ ೧೩.೫ರಿಂದ ೧೪.೫. ಹದಿನೈದು ದಾಟಿದರೆ ಪ್ರಯಾಣ ಮುಂದೂಡಿ. ಕಂಪ್ಯೂಟರು ಹಿಡಿತದಲ್ಲಿಟ್ಟ ಕೆಲವು ಹೊಸ ಗಾಡಿಗಳಲ್ಲಿ ಅಂಕಿ ತಾನಾಗಿಯೇ ಏರಿಳಿಯುತ್ತದೆ. ಅವುಗಳ ಕೈಪಿಡಿಯನ್ನೇ ನೋಡಬೇಕು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ “ನಿಲ್ಲಲಿಲ್ಲ ನೋಡಿ, ಚಾರ್ಜು ಸರಿಯಾಗಿದೆ” ಎಂದು ತೋರಿಸುವ ಹಳೆಯ ಚಳಕವನ್ನು ಈ ಗಾಡಿಗಳಲ್ಲಿ ಯಾರಿಗೂ ಮಾಡಗೊಡಬೇಡಿ. ಆ ಕ್ಷಣದಲ್ಲಿ ಚಿಮ್ಮುವ ವೋಲ್ಟೇಜಿಗೆ ಡಯೋಡು, ರೆಗ್ಯುಲೇಟರು, ಎಂಜಿನ್ನಿನ ಕಂಪ್ಯೂಟರು, ಎಲ್ಲವೂ ಬಲಿಯಾಗಬಹುದು.

ಮಕ್ಕಳ ಮೋಟಾರ್ ಸೈಕಲ್ಲುಗಳ ಮಾತು ಬೇರೆ. ಅಲ್ಲಿ ಶಾಶ್ವತ ಅಯಸ್ಕಾಂತ. ತಗ್ಗಿಸಲು ಫೀಲ್ಡೇ ಇಲ್ಲ. ಹಲವು ಗಾಡಿಗಳಲ್ಲಿ ಹೆಚ್ಚಾದ ವಿದ್ಯುತ್ತನ್ನು ಕೆರೆಯ ಕೋಡಿ ಹರಿಸಿದಂತೆ ಪಕ್ಕಕ್ಕೆ ತಿರುಗಿಸುತ್ತಾರೆ. ಹಾಗಾಗಿಯೇ ಆ ಪೆಟ್ಟಿಗೆ ಕೈಸುಡುವಷ್ಟು ಕಾಯುತ್ತದೆ, ಅದಕ್ಕೆ ಗಾಳಿ ತಾಗುತ್ತಿರಬೇಕು. ಎರಕ ಹೊಯ್ದು ಮುಚ್ಚಿರುವುದರಿಂದ ಅದನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ; ಆದರೂ ಹೊಸದನ್ನು ಕೊಳ್ಳುವ ಮೊದಲು ಅದರ ತಂತಿಯ ಪ್ಲಗ್ಗನ್ನು ಎಳೆದು ನೋಡಿ. ಅಲ್ಲಿ ಪ್ಲಾಸ್ಟಿಕ್ಕು ಕರಗಿ ಕಂದಾಗಿದ್ದರೆ ಪ್ಲಗ್ಗಿನಿಂದಲೇ ರಿಪೇರಿ ಆರಂಭಿಸಬೇಕು.