ಟ್ಯಾಂಕಿನಲ್ಲಿ ಎಷ್ಟಿತ್ತು?

ಇವತ್ತು ರಾಜಕೀಯ ಬೇಡ. ಕುರ್ಚಿ ಯಾರದ್ದು ಅನ್ನೋ ಚರ್ಚೆ ನಾಳೆನೂ ಇರುತ್ತೆ, ಇದೇ ಸ್ಟುಡಿಯೋದಲ್ಲೇ ಇರುತ್ತೆ. ಇವತ್ತು ಬೇರೆ ಒಂದು ಸಾಲಿನ ಬಗ್ಗೆ ಮಾತಾಡೋಣ. ಫಾರ್ಮುಲಾ ಒನ್ ರೇಸ್ ಶುರುವಾಗುವ ಮುನ್ನ ಕಾರುಗಳು ಒಂದರ ಹಿಂದೆ ಒಂದು ನಿಲ್ಲುತ್ತವಲ್ಲ, ಆ ಸಾಲು. ಗ್ರಿಡ್ ಅಂತಾರೆ. ಹಿಂದಿನ ದಿನದ ಕ್ವಾಲಿಫೈಯಿಂಗ್‌ನಲ್ಲಿ ಯಾರು ಜೋರಾಗಿ ಓಡಿಸಿದರೋ ಅವರು ಮುಂದೆ, ಅಷ್ಟೇ ತಾನೇ? ಅಷ್ಟೇ ಅಲ್ಲ ಸ್ವಾಮಿ. ಕೆಲವು ವರ್ಷಗಳ ಕಾಲ ಆ ಸಾಲನ್ನು ನಿರ್ಧರಿಸುವುದರಲ್ಲಿ ಡ್ರೈವರ್‌ನ ಕಾಲಿಗಿದ್ದಷ್ಟೇ ಪಾತ್ರ ಟ್ಯಾಂಕಿನೊಳಗಿನ ಪೆಟ್ರೋಲಿಗೂ ಇತ್ತು.

2009ರ ಆಗಸ್ಟ್ 29. ಬೆಲ್ಜಿಯಂನ ಸ್ಪಾ ಸರ್ಕ್ಯೂಟ್. ಫೋರ್ಸ್ ಇಂಡಿಯಾ ನೆನಪಿದೆಯಾ? ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ತಂಡ. (ಮಲ್ಯ ಅಂದ ತಕ್ಷಣ ನಿಮಗೆ ಬೇರೆ ಸುದ್ದಿ ನೆನಪಾಗುತ್ತೆ, ಗೊತ್ತು. ಅದು ಇವತ್ತಿನ ವಿಷಯವಲ್ಲ.) 2008ರಲ್ಲಿ ಕಣಕ್ಕಿಳಿದ ತಂಡಕ್ಕೆ ಅಲ್ಲಿಯವರೆಗೆ ಒಂದೇ ಒಂದು ಪಾಯಿಂಟ್ ಸಿಕ್ಕಿರಲಿಲ್ಲ. ಆ ಶನಿವಾರ ಅದರ ಡ್ರೈವರ್ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್ ಪೊಸಿಷನ್ ತಗೊಂಡುಬಿಟ್ಟರು! ಫೆರಾರಿ, ಮೆಕ್‌ಲಾರೆನ್, ರೆಡ್ ಬುಲ್ ಎಲ್ಲ ಹಿಂದೆ.

ಖುಷಿಪಟ್ಟವರಷ್ಟೇ ಜನ ಅನುಮಾನಪಟ್ಟರು. "ಪೆಟ್ರೋಲ್ ಕಮ್ಮಿ ಹಾಕಿರ್ತಾರೆ ಬಿಡ್ರೀ" ಅಂತ. ಈ ಅನುಮಾನ ಅಸೂಯೆಯ ಮಾತಷ್ಟೇ ಆಗಿರಲಿಲ್ಲ, ಅದಕ್ಕೆ ನಿಯಮದಲ್ಲೇ ಆಧಾರ ಇತ್ತು. 2003ರಿಂದ ಬಂದ ಪದ್ಧತಿ ಏನಂದರೆ, ಕ್ವಾಲಿಫೈಯಿಂಗ್‌ಗೆ ಇಳಿದಾಗ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಮರುದಿನ ರೇಸ್ ಶುರು ಮಾಡಬೇಕು. ನಡುವೆ ತುಂಬಿಸುವ ಹಾಗಿಲ್ಲ. 2006ರ ನಂತರ ಇದು ಕೊನೆಯ ಹಂತಕ್ಕೆ ಬಂದ ಹತ್ತು ಕಾರುಗಳಿಗೆ ಮಾತ್ರ ಅನ್ವಯ. ರೇಸ್ ನಡುವೆ ಪಿಟ್‌ನಲ್ಲಿ ಪೆಟ್ರೋಲ್ ತುಂಬಿಸಲು ಆಗ ಅವಕಾಶ ಇತ್ತು. ಹಾಗಾಗಿ ಕಮ್ಮಿ ಹಾಕಿದರೆ ಕಾರು ಹಗುರ, ಗ್ರಿಡ್‌ನಲ್ಲಿ ಮುಂದೆ. ಆದರೆ ರೇಸಿನಲ್ಲಿ ಬೇಗ ಪಿಟ್‌ಗೆ ಬರಬೇಕು. ಜಾಸ್ತಿ ಹಾಕಿದರೆ ಹಿಂದೆ ನಿಲ್ಲಬೇಕು, ಆದರೆ ಹೆಚ್ಚು ದೂರ ಓಡಬಹುದು. ಒಂಥರಾ ಇಸ್ಪೀಟಾಟ. ಯಾರ ಕೈಯಲ್ಲಿ ಯಾವ ಎಲೆ ಇದೆ ಅಂತ ಯಾರಿಗೂ ಕಾಣೋದಿಲ್ಲ.

2009ರಲ್ಲಿ ಒಂದು ಒಳ್ಳೆ ಕೆಲಸ ಮಾಡಿದರು. ಕ್ವಾಲಿಫೈಯಿಂಗ್ ಮುಗಿದ ಮೇಲೆ ಎಲ್ಲ ಕಾರುಗಳ ತೂಕವನ್ನು ಬಹಿರಂಗವಾಗಿ ಪ್ರಕಟಿಸತೊಡಗಿದರು. ನಾನಾಗ ಇಂಜಿನಿಯರಿಂಗ್ ವಿದ್ಯಾರ್ಥಿ. ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದ್ದು ಈಗಲೂ ನೆನಪಿದೆ. ಪೆಟ್ರೋಲ್ ಬಿಟ್ಟು ಕಾರು ಮತ್ತು ಡ್ರೈವರ್ ಸೇರಿ ಕನಿಷ್ಠ 605 ಕಿಲೋ ಇರಬೇಕಿತ್ತು. ಫಿಸಿಕೆಲ್ಲಾ ಕಾರು 648. ಅಂದರೆ ಹೆಚ್ಚುಕಮ್ಮಿ 43 ಕಿಲೋ ಪೆಟ್ರೋಲ್. ಪಕ್ಕದಲ್ಲಿ ಎರಡನೇ ಸ್ಥಾನದಲ್ಲಿದ್ದ ಟೊಯೊಟಾದ ಯಾರ್ನೊ ಟ್ರುಲ್ಲಿ 656.5. ಪ್ರತಿ 10 ಕಿಲೋ ಪೆಟ್ರೋಲಿಗೆ ಒಂದು ಲ್ಯಾಪಿನಲ್ಲಿ ಸುಮಾರು 0.3 ಸೆಕೆಂಡ್ ನಷ್ಟ, ಇದು ರೇಸಿಂಗ್ ಜನರ ಬಾಯಿಲೆಕ್ಕ. ಸ್ಪಾ ಒಂದು ಲ್ಯಾಪ್ 7 ಕಿಲೋಮೀಟರ್, ಅಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ. ಟ್ರುಲ್ಲಿ ಹಿಂದೆ ಬಿದ್ದದ್ದು 0.1 ಸೆಕೆಂಡಿಗೂ ಕಮ್ಮಿ ಅಂತರದಲ್ಲಿ. ಇಬ್ಬರ ಟ್ಯಾಂಕಿನಲ್ಲೂ ಸಮಾನ ಪೆಟ್ರೋಲ್ ಇದ್ದಿದ್ದರೆ ಟ್ರುಲ್ಲಿಯೇ ಮುಂದೆ!

ಹಾಗಾದರೆ ಆ ಪೋಲ್ ಬೊಗಳೆನಾ? ಅಲ್ಲ. ಅದೇ ಪಟ್ಟಿಯಲ್ಲಿ ನಾಲ್ಕನೇ ಸ್ಥಾನದ ರೂಬೆನ್ಸ್ ಬ್ಯಾರಿಕೆಲ್ಲೊ ಕಾರು 644.5 ಕಿಲೋ. ಫಿಸಿಕೆಲ್ಲಾಗಿಂತ ಹಗುರ, ಆದರೂ ಹಿಂದೆ. ಅದೂ ಆ ವರ್ಷ ಚಾಂಪಿಯನ್ ಆದ ಬ್ರಾನ್ ತಂಡದ ಕಾರು. ಇನ್ನು ಭಾನುವಾರ ಏನಾಯಿತು ನೋಡಿ. ಆರನೇ ಸ್ಥಾನದಿಂದ ಹೊರಟ ಫೆರಾರಿಯ ಕಿಮಿ ರೈಕೊನೆನ್, ಸೇಫ್ಟಿ ಕಾರು ಒಳಗೆ ಹೋದ ಕೂಡಲೇ ಕರ್ಸ್ ಬಟನ್ ಒತ್ತಿ ಮುಂದೆ ಹೋದರು. ಬ್ರೇಕ್ ಹಾಕಿದಾಗ ಸಿಗುವ ಶಕ್ತಿಯನ್ನು ಕೂಡಿಟ್ಟು ಬಳಸುವ ಆ ಯಂತ್ರ ಫೋರ್ಸ್ ಇಂಡಿಯಾ ಕಾರಿನಲ್ಲಿ ಇರಲೇ ಇಲ್ಲ. ಮೊದಲ ಪಿಟ್ ಸ್ಟಾಪಿಗೆ ಇಬ್ಬರೂ ಬಂದದ್ದು ಒಂದೇ ಲ್ಯಾಪಿನಲ್ಲಿ. ಕೊನೆಗೆ ಫಿಸಿಕೆಲ್ಲಾ ಸೋತದ್ದು ಒಂದು ಸೆಕೆಂಡಿಗೂ ಕಮ್ಮಿ ಅಂತರದಲ್ಲಿ. ತಂಡಕ್ಕೆ ಮೊದಲ ಬಾರಿಗೆ, ಒಂದೇ ಏಟಿಗೆ 8 ಪಾಯಿಂಟ್. ಪೆಟ್ರೋಲ್ ಕಮ್ಮಿ ಹಾಕಿ ಶನಿವಾರ ಮೆರೆಯಬಹುದು ಕಣ್ರೀ, ಭಾನುವಾರ ಪೂರ್ತಿ ಮೆರೆಯೋಕಾಗಲ್ಲ.

ಈ ನಿಯಮ ಯಾಕೆ ಬಂತು ಅಂತ ಕೇಳಿದರೆ ಉತ್ತರ ನಮ್ಮ ಧಂದೆಯಲ್ಲೇ ಇದೆ. ಅದಕ್ಕೆ ಮೊದಲು ಶನಿವಾರ ಒಂದು ಗಂಟೆ, ತಲಾ 12 ಲ್ಯಾಪ್, ಯಾವಾಗ ಬೇಕಾದರೂ ಓಡಿಸಿ ಅಂತಿತ್ತು. ದೊಡ್ಡ ತಂಡಗಳು ಗ್ಯಾರೇಜಿನಲ್ಲೇ ಕೂತು ಕಾಯುತ್ತಿದ್ದವು, ಟಿವಿಯಲ್ಲಿ ಖಾಲಿ ರಸ್ತೆ. ಖಾಲಿ ಸ್ಕ್ರೀನ್ ಅಂದರೆ ಏನು ಅಂತ ನನ್ನನ್ನು ಕೇಳಿ! ಹಾಗಾಗಿ ಒಬ್ಬೊಬ್ಬರಾಗಿ ಒಂದೊಂದು ಲ್ಯಾಪ್ ಅಂತ ಮಾಡಿದರು. 2005ರಲ್ಲಿ ಶನಿವಾರದ ಸಮಯಕ್ಕೆ ಭಾನುವಾರ ಬೆಳಗಿನ ಸಮಯ ಕೂಡಿಸಿ ನೋಡಿದರು, ಆರೇ ರೇಸಿಗೆ ಕೈಬಿಟ್ಟರು. ಆಮೇಲೆ ಮೂರು ಹಂತದ ನಾಕೌಟ್. 2006, 2007ರಲ್ಲಂತೂ ಕೊನೆಯ ಹಂತದ ಮೊದಲ ಕೆಲವು ನಿಮಿಷ ಕಾರುಗಳು ಸುಮ್ಮನೆ ಸುತ್ತುತ್ತಿದ್ದವು. ಯಾಕೆ? ಪೆಟ್ರೋಲ್ ಸುಟ್ಟು ಹಗುರ ಆಗೋಕೆ! ಸುಟ್ಟಷ್ಟನ್ನು ನಿಗದಿತ ಲೆಕ್ಕದಲ್ಲಿ ರೇಸಿಗೆ ಮುನ್ನ ವಾಪಸ್ ತುಂಬಿಸಿಕೊಳ್ಳಬಹುದಿತ್ತು. ಇದಕ್ಕಿಂತ ಪೆದ್ದು ನಿಯಮ ನಾನು ನೋಡಿಲ್ಲ ಅಂತ ಹೇಳೋಕೆ ಹೊರಟಿದ್ದೆ, 2016 ನೆನಪಾಯಿತು. ಪ್ರತಿ 90 ಸೆಕೆಂಡಿಗೆ ಒಬ್ಬರನ್ನು ಹೊರಹಾಕುವ ಪದ್ಧತಿ. ಮೆಲ್ಬರ್ನ್‌ನಲ್ಲಿ ಕೊನೆಯ ನಿಮಿಷಗಳಲ್ಲಿ ಟ್ರ್ಯಾಕ್ ಮೇಲೆ ಒಂದೂ ಕಾರಿಲ್ಲ. ಎರಡೇ ರೇಸಿಗೆ ಅದೂ ಗೋವಿಂದ.

2010ರಲ್ಲಿ ರೇಸ್ ನಡುವೆ ಪೆಟ್ರೋಲ್ ತುಂಬಿಸುವುದನ್ನೇ ನಿಷೇಧಿಸಿದರು. ಅಂದಿನಿಂದ ಕ್ವಾಲಿಫೈಯಿಂಗ್‌ನಲ್ಲಿ ಎಲ್ಲರೂ ಖಾಲಿ ಟ್ಯಾಂಕಿಗೆ ಹತ್ತಿರ. ತೂಕದ ಜೂಜು ಮುಗಿಯಿತು. ಆದರೆ ತಪಾಸಣೆಗೆ ಒಂದು ಲೀಟರ್ ಸ್ಯಾಂಪಲ್ ಉಳಿದಿರಬೇಕು, ಆಗ ಕಾರು ತನ್ನ ಶಕ್ತಿಯಲ್ಲೇ ಪಿಟ್‌ಗೆ ವಾಪಸ್ ಬರಬೇಕಿತ್ತು.

2012ರ ಮೇ ತಿಂಗಳು, ಬಾರ್ಸಿಲೋನಾ. ಮೆಕ್‌ಲಾರೆನ್‌ನ ಲೂಯಿಸ್ ಹ್ಯಾಮಿಲ್ಟನ್ ಎಲ್ಲರಿಗಿಂತ ಅರ್ಧ ಸೆಕೆಂಡಿಗೂ ಹೆಚ್ಚು ವೇಗವಾಗಿ ಪೋಲ್ ಸಮಯ ಹಾಕಿದರು. ಪಿಟ್‌ಗೆ ವಾಪಸ್ ಬರುವಾಗ ದಾರಿಯಲ್ಲೇ ಕಾರು ನಿಲ್ಲಿಸಿದರು. ಬಂದಿದ್ದರೆ ಸ್ಯಾಂಪಲ್‌ಗೆ ಪೆಟ್ರೋಲ್ ಉಳಿಯುತ್ತಿರಲಿಲ್ಲ. ತಂಡದವರೊಬ್ಬರು ಹಾಕಿದ್ದೇ ಕಮ್ಮಿ. ಈಗ ಅದೇ ಬಾಯಿಲೆಕ್ಕ ಹಾಕಿ: ಒಂದೆರಡು ಲೀಟರ್ ಕಮ್ಮಿ ಇದ್ದರೆ ಸಿಗುವ ಲಾಭ 0.1 ಸೆಕೆಂಡ್ ಕೂಡ ಇಲ್ಲ. ಅವರ ಅಂತರ ಅದರ ಎಷ್ಟೋ ಪಟ್ಟು. ಪೋಲ್ ಅವರದ್ದೇ, ಅನುಮಾನವೇ ಇಲ್ಲ. ಆದರೂ 24 ಕಾರುಗಳ ಸಾಲಿನ ಕಟ್ಟಕಡೆಗೆ ಕಳಿಸಿದರು.

ಅನ್ಯಾಯ ಅನ್ನಿಸುತ್ತಾ? ನನಗೆ ಅನ್ನಿಸಲ್ಲ. ಅವತ್ತು ಬಿಟ್ಟಿದ್ದರೆ ಮುಂದಿನ ರೇಸಿನಲ್ಲಿ ಹತ್ತು ಕಾರು ದಾರಿಯಲ್ಲಿ ನಿಂತಿರುತ್ತಿದ್ದವು. ಡ್ರೈವರ್ ತಪ್ಪು ಇರಲಿಲ್ಲ, ಅದು ಬೇಜಾರಿನ ವಿಷಯ, ಒಪ್ಪೋಣ. ಮರುದಿನ ಹ್ಯಾಮಿಲ್ಟನ್ 24ರಿಂದ ಹೊರಟು 8ನೆಯವರಾಗಿ ಮುಗಿಸಿದರು. ಖಾಲಿಯಾದ ಪೋಲ್ ಜಾಗಕ್ಕೆ ಬಂದವರು ವಿಲಿಯಮ್ಸ್ ತಂಡದ ಪಾಸ್ಟರ್ ಮಾಲ್ಡೊನಾಡೊ, ವೆನೆಜುವೆಲಾದವರು. ಸ್ಪೇನ್‌ನವರೇ ಆದ ಫರ್ನಾಂಡೊ ಅಲೋನ್ಸೊರನ್ನು ಅವರ ಊರಿನ ಜನರೆದುರೇ ಹಿಂದೆ ಹಾಕಿ ರೇಸ್ ಗೆದ್ದುಬಿಟ್ಟರು. ಫಾರ್ಮುಲಾ ಒನ್‌ನಲ್ಲಿ ಮಾಲ್ಡೊನಾಡೊ ಗೆದ್ದದ್ದು ಅದೊಂದೇ ರೇಸ್.