ದೂರದಿಂದ ಕಾದಂಬರಿಯ ಪಾಠ

2020ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನಿಂದ ಅಮೆರಿಕದ ಶಾಲೆಗಳು ಬಾಗಿಲು ಮುಚ್ಚಿದಾಗ, ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠ ಮನೆಯ ಮೇಜಿಗೇ ಬಂದಿತು. ಆ ತರಗತಿಗೆ ಅಲ್ಲಿ ಹಲವೆಡೆ ಓದಿಸುವ ಕಾದಂಬರಿಯೆಂದರೆ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಪ್ರಕಟವಾದದ್ದು 1960ರಲ್ಲಿ. ಮಾಡದ ತಪ್ಪಿಗೆ ಕಟಕಟೆ ಹತ್ತಿದ ಕರಿಯ ಜನಾಂಗದ ಟಾಮ್ ರಾಬಿನ್ಸನ್, ಅವನ ಪರವಾಗಿ ವಾದಿಸುವ ವಕೀಲ ಆಟಿಕಸ್. ಕಥೆ ಹೇಳುವವಳು ವಕೀಲರ ಮಗಳು ಸ್ಕೌಟ್.

31 ಅಧ್ಯಾಯಗಳ ಈ ಪುಸ್ತಕವನ್ನು ಉಪಾಧ್ಯಾಯರು ಎದುರಿಗಿಲ್ಲದೆ ಕಲಿಯುವುದೆಂತು? “ಸಾರಾಂಶ ಬರೆ” ಎಂದರೆ ಹುಡುಗ ಪುಸ್ತಕ ತೆರೆಯದೆಯೇ ಬೇರೆಲ್ಲಿಂದಲೋ ನಕಲು ಮಾಡಿಯಾನು. “ಜ್ಯೂರಿಯವರು ತೀರ್ಮಾನಕ್ಕೆ ಅಷ್ಟು ಹೊತ್ತು ತೆಗೆದುಕೊಂಡದ್ದೇಕೆ? ಪುಟದಿಂದ ಆಧಾರ ತೋರಿಸು” ಎಂದರೆ ಓದಲೇಬೇಕು, ಯೋಚಿಸಲೇಬೇಕು. ಸಾಕ್ಷ್ಯವಿದ್ದೂ ತೀರ್ಪು ತಪ್ಪಿದ ಕಥೆಯಿದು. ಇದನ್ನೋದಿಯೂ ಸಾಕ್ಷ್ಯವನ್ನು ತೂಗಲು ಕಲಿಯದಿದ್ದರೆ ಫಲವೇನು?

ಇಂಥ ಪಾಠ ನಿಮ್ಮ ಮನೆಗೂ ಬಂದರೆ, ಹಿರಿಯರಾದ ನೀವು ಮಾಡಬೇಕಾದದ್ದು ಇಷ್ಟೇ: ಮಕ್ಕಳಿಗಾಗಿ ನೀವು ಬರೆಯಬೇಡಿ. ಅವರು ಬರೆದುದನ್ನು ಗಟ್ಟಿಯಾಗಿ ಓದಿಸಿ ಕೇಳಿ, “ಇದು ಪುಸ್ತಕದಲ್ಲಿ ಎಲ್ಲಿದೆ?” ಎಂದು ವಿಚಾರಿಸಿ. ವಾಕ್ಯ ತೊದಲಿದರೂ ಚಿಂತೆಯಿಲ್ಲ, ತಿದ್ದಲು ಉಪಾಧ್ಯಾಯರಿದ್ದಾರೆ. ಮಾತು ಮಾತ್ರ ಮಕ್ಕಳದೇ ಆಗಿರಲಿ.